ಗೆಳೆತನವಿದ್ದರೆ ಸಾಕೇ?

ಸೈನ್ಯದ ಸಣ್ಣ ತುಕಡಿಗಳ ಬಗ್ಗೆ ಸಿನಿಮಾಗಳು ನಮ್ಮ ತಲೆಯಲ್ಲಿ ಕೂರಿಸಿರುವ ನಂಬಿಕೆಯೊಂದಿದೆ: ಹತ್ತು ಜವಾನರು ಅಣ್ಣತಮ್ಮಂದಿರಂತಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಕೂಡಿಬರುತ್ತದೆ, ಅಂಥ ಒಗ್ಗಟ್ಟನ್ನು ಅಳೆಯಲು ಬರುವುದಿಲ್ಲ. ಎರಡೂ ಅರೆಸತ್ಯ. ತಂಡ ಎಲ್ಲಿ ಎಡವುತ್ತದೆ ಎಂಬುದಕ್ಕೆ ಒಂದು ನಿದರ್ಶನ ನೋಡಿ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕ ವಿಮಾನವೊಂದನ್ನು ಹೊಡೆದುರುಳಿಸಿತು. ಸತ್ತವರು 290 ಮಂದಿ. ವಿಮಾನ ಮೇಲೇರುತ್ತಿದೆ ಎಂದೇ ನೌಕೆಯ ಉಪಕರಣಗಳು ದಾಖಲಿಸಿದ್ದವು. ಸಿಬ್ಬಂದಿಯ ಬಾಯಲ್ಲಿ ಅದು ಕೆಳಗಿಳಿದು ಬರುತ್ತಿರುವ ಯುದ್ಧವಿಮಾನವಾಯಿತು. ನಾಗರಿಕ ವಿಮಾನವಿರಬಹುದು ಎಂದು ಒಬ್ಬ ಅಧಿಕಾರಿ ಎಚ್ಚರಿಸಿದಾಗ ಕ್ಯಾಪ್ಟನ್ ಕೇಳಿಸಿತೆಂಬಂತೆ ಕೈಯೆತ್ತಿದರು, ಅಷ್ಟೇ. ಯಂತ್ರ ಸರಿಯಿತ್ತು, ಮಾಹಿತಿ ಒಬ್ಬರಿಂದೊಬ್ಬರಿಗೆ ದಾಟುವಾಗ ಎಡವಟ್ಟಾಯಿತು.

ಆ ದುರಂತದ ಬಳಿಕ ಅಮೆರಿಕದ ನೌಕಾಪಡೆ, ಒತ್ತಡದಲ್ಲಿ ತಂಡಗಳು ಹೇಗೆ ತೀರ್ಮಾನಿಸುತ್ತವೆ ಎಂಬ ಸಂಶೋಧನೆಗೆ ಕೈಹಾಕಿತು. ಅದರಿಂದ ಬಂದ ತರಬೇತಿಯಲ್ಲಿ ವೀಕ್ಷಕರು ಗಮನಿಸುವುದು ಮಾಹಿತಿ ಹಂಚಿಕೆ, ಮಾತಿನ ಸ್ಪಷ್ಟತೆ, ಪರಸ್ಪರ ನೆರವು, ಮುಂದಾಳತ್ವ. ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಬೀಳುವ ನಡವಳಿಕೆಗಳು. ಅಲ್ಲಿನ ಒಂದು ಅಳತೆಯಂತೂ ಬಲು ಜಾಣತನದ್ದು: ಕೇಳಿದ ಮೇಲೆ ಕೊಟ್ಟ ಮಾಹಿತಿಯೆಷ್ಟು, ಕೇಳುವ ಮೊದಲೇ ಕೊಟ್ಟದ್ದೆಷ್ಟು ಎಂದು ಎಣಿಸುವುದು. ರೇಡಿಯೊದಲ್ಲಿ ಕಮಾಂಡರ್ “ಎಲ್ಲಿದ್ದೀರಿ?” ಎಂದು ಹತ್ತಾರು ಸಲ ಕೇಳಬೇಕಾದ ತುಕಡಿಗೂ, “ಎಡಗಡೆ ಗೋಡೆ ತಲುಪಿದೆವು, ಇಬ್ಬರ ಬಳಿ ಗುಂಡು ಕಡಿಮೆಯಿದೆ” ಎಂದು ತಾನಾಗಿ ತಿಳಿಸುವ ತುಕಡಿಗೂ ಇರುವ ವ್ಯತ್ಯಾಸ ಹೀಗೆ ಅಂಕೆಗೆ ಸಿಗುತ್ತದೆ.

ಗುಂಡಿನ ಮಳೆಯಲ್ಲಿ ಸೈನಿಕ ನಿಲ್ಲುವುದು ಪಕ್ಕದವನಿಗಾಗಿ ತಾನೇ, ಎಂದು ಯಾರಾದರೂ ಕೇಳಬಹುದು. ಹೌದು. ಎರಡನೇ ಮಹಾಯುದ್ಧದ ಜರ್ಮನ್ ಸೇನೆಯ ಬಗ್ಗೆ ಸಮಾಜಶಾಸ್ತ್ರಜ್ಞರಾದ ಶಿಲ್ಸ್ ಮತ್ತು ಜನೋವಿಟ್ಜ್ 1948ರಲ್ಲಿ ಬರೆದದ್ದೂ ಬಹುಪಾಲು ಇದನ್ನೇ. ಆದರೆ ಸೈನಿಕರು ಸೋಲಿನಲ್ಲೂ ಏಕೆ ಚದುರಲಿಲ್ಲ ಎಂಬುದನ್ನು ಅದು ವಿವರಿಸುತ್ತದೆ. ಕೆಲಸ ಎಷ್ಟು ಚೆನ್ನಾಗಿ ಮಾಡಿದರು ಎಂಬುದು ಬೇರೆಯೇ ಪ್ರಶ್ನೆ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರಾದ ಮುಲ್ಲೆನ್ ಮತ್ತು ಕಾಪರ್ 1994ರಲ್ಲಿ ಕಂಡಂತೆ, ಸಾಧನೆಯೊಂದಿಗೆ ಮುಖ್ಯವಾಗಿ ಬೆಸೆದುಕೊಂಡಿದ್ದು ಕೆಲಸದ ಮೇಲಿನ ಬದ್ಧತೆ, ಪರಸ್ಪರ ಅಕ್ಕರೆಯಲ್ಲ. ಒಗ್ಗಟ್ಟಿನಿಂದ ಗೆಲುವು ಬರುವುದಕ್ಕಿಂತ ಗೆಲುವಿನಿಂದ ಒಗ್ಗಟ್ಟು ಬರುವುದೇ ಹೆಚ್ಚೆಂದೂ ಅವರಿಗೆ ತೋರಿತು. ಗೆದ್ದ ತಂಡದ ನಗುಮುಖಗಳನ್ನು ಕಂಡು ನಾವು ಕಾರಣವನ್ನೇ ತಲೆಕೆಳಗು ಮಾಡುತ್ತೇವೆ.

ಅಭ್ಯಾಸದ ಮೈದಾನದಲ್ಲಿ ಎಣಿಸಿದ್ದು ನಿಜವಾದ ಕಾಳಗಕ್ಕೆ ಹೊಂದೀತೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಪೂರ್ತಿ ಹೊಂದುವುದಿಲ್ಲ. ಅಂಕಿಯನ್ನು ಬಡ್ತಿಗೆ ಗಂಟುಹಾಕಿದರಂತೂ ವೀಕ್ಷಕರ ಮುಂದೆ ನಾಟಕ ಶುರುವಾಗುತ್ತದೆ. ಅಳತೆಯ ಬೆಲೆ ಇರುವುದು ಅಭ್ಯಾಸ ಮುಗಿದ ಕೂಡಲೇ ನಡೆಯುವ ಮರುಪರಿಶೀಲನೆಯಲ್ಲಿ. ಅಲ್ಲಿ ನಾಯಕನೇ ಮೊದಲು ತನ್ನ ತಪ್ಪು ಹೇಳಿದರೆ ಕಿರಿಯ ಸಿಪಾಯಿಯೂ ಬಾಯಿಬಿಡುತ್ತಾನೆ. ಇಂಥ ಚರ್ಚೆಗಳು ಸಾಧನೆಯನ್ನು ಸರಾಸರಿ ಶೇ 25ರಷ್ಟು ಸುಧಾರಿಸುತ್ತವೆ ಎಂದು ಸಂಶೋಧಕರಾದ ಟ್ಯಾನೆನ್‌ಬಾಮ್ ಮತ್ತು ಸೆರಾಸೋಲಿ 2013ರ ವಿಶ್ಲೇಷಣೆಯಲ್ಲಿ ಅಂದಾಜಿಸಿದ್ದಾರೆ. ಖರ್ಚಾಗುವುದು ಸ್ವಲ್ಪ ಹೊತ್ತು ಮತ್ತು ನಾಯಕನ ಒಂದಿಷ್ಟು ಬಿಗುಮಾನ.