ಕಾರಿನ ನೆತ್ತಿಯ ಮೇಲೊಂದು ಆಂಟೆನಾ

ಅಮೆರಿಕದ ನೆವಾಡಾ ರಾಜ್ಯವನ್ನು ಅಡ್ಡಡ್ಡ ದಾಟುವ 50ನೇ ನಂಬರಿನ ಹೆದ್ದಾರಿಯನ್ನು ‘ಲೈಫ್’ ಪತ್ರಿಕೆ 1986ರಲ್ಲಿ ಆ ದೇಶದ ಅತಿ ಒಂಟಿ ರಸ್ತೆ ಎಂದು ಕರೆದಿತ್ತು. ಪಶ್ಚಿಮದ ಫಾಲನ್ ಬಿಟ್ಟರೆ ಮುಂದಿನ ಊರು ಆಸ್ಟಿನ್, ಸುಮಾರು 175 ಕಿಲೋಮೀಟರ್ ಆಚೆ. ಅಲ್ಲಿಂದ ಯುರೇಕಾಗೆ ನೂರು ಕಿಲೋಮೀಟರಿಗೂ ಹೆಚ್ಚು, ಯುರೇಕಾದಿಂದ ಈಲಿಗೆ ಮತ್ತೆ ಅಷ್ಟೇ ದೂರ. ತೆಂಕಬಡಗಾಗಿ ಸಾಲುಗಟ್ಟಿ ನಿಂತ ಬೆಟ್ಟಗಳನ್ನು ಈ ರಸ್ತೆ ಒಂದೊಂದಾಗಿ ಹತ್ತಿ ಇಳಿಯುತ್ತದೆ. ಕಣಿವೆಗೆ ಇಳಿದರೆ ಬೆಟ್ಟದ ಮರೆಯಲ್ಲಿ ಟವರ್ ಕಾಣೆಯಾಗುತ್ತದೆ, ನೆತ್ತಿಗೆ ಬಂದಾಗ ಫೋನಿನಲ್ಲಿ ಒಂದೋ ಎರಡೋ ಕಡ್ಡಿ ಮೂಡುತ್ತವೆ. ಇಂಥ ದಾರಿಗಳಲ್ಲಿ ಓಡಾಡುವ ಲಾರಿ ಚಾಲಕರು, ಮನೆಯನ್ನೇ ಗಾಡಿಯಲ್ಲಿ ಕಟ್ಟಿಕೊಂಡು ತಿರುಗುವವರು, ರಜೆಯಲ್ಲಿ ರಾಷ್ಟ್ರೀಯ ಉದ್ಯಾನಗಳತ್ತ ಹೊರಡುವ ಕುಟುಂಬಗಳು ಕಾರಿಗೆ ಸಿಗ್ನಲ್ ಬೂಸ್ಟರ್ ಹಾಕಿಸುವುದುಂಟು. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಅದು ಅಪರಿಚಿತ ವಸ್ತುವೇನಲ್ಲ. ಕೊಳ್ಳುವವರ ಆಸೆ ಕಡ್ಡಿಗಳು ಏರಲಿ ಎಂಬುದು. ಆದರೆ ಈ ಪೆಟ್ಟಿಗೆಯಿಂದ ಆಗುವ ದೊಡ್ಡ ಉಪಕಾರ ಕಡ್ಡಿಗಳಲ್ಲಿ ಕಾಣಿಸುವುದೇ ಇಲ್ಲ. ಟವರಿನ ಮಾತು ನಮಗೆ ಕೇಳಿಸುವುದಕ್ಕಿಂತ ನಮ್ಮ ಮಾತು ಟವರಿಗೆ ಮುಟ್ಟುವುದರಲ್ಲೇ ಅದು ಹೆಚ್ಚು ನೆರವಾಗುತ್ತದೆ. ಅದರ ಮೇಲೆ ಕಾನೂನಿನ ಕಣ್ಣು ಬಿದ್ದಿರುವುದಕ್ಕೂ ಇದೇ ಕಾರಣ.

ಬೂಸ್ಟರಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಕಾರಿನ ಚಾವಣಿಯ ಮೇಲೆ ಆಯಸ್ಕಾಂತದ ಬುಡದಿಂದ ಕಚ್ಚಿ ಕೂರುವ ಹೊರ ಆಂಟೆನಾ, ಸೀಟಿನ ಕೆಳಗೆ ಇಡುವ ಆಂಪ್ಲಿಫೈಯರ್ ಪೆಟ್ಟಿಗೆ, ಸೀಟಿನ ಪಕ್ಕಕ್ಕೋ ಡ್ಯಾಶ್‌ಬೋರ್ಡಿಗೋ ಅಂಟಿಸುವ ಪುಟ್ಟ ಒಳ ಆಂಟೆನಾ. ವಿದ್ಯುತ್ತು ಕಾರಿನ 12 ವೋಲ್ಟಿನ ಸಾಕೆಟ್ಟಿನಿಂದ ಬರುತ್ತದೆ. ಟವರಿನಿಂದ ಬಂದ ಅಲೆಯನ್ನು ಹೊರ ಆಂಟೆನಾ ಹಿಡಿಯುತ್ತದೆ, ಪೆಟ್ಟಿಗೆ ಅದನ್ನು ಬಲಪಡಿಸುತ್ತದೆ, ಒಳ ಆಂಟೆನಾ ಫೋನಿನ ಕಡೆ ಬಿಡುತ್ತದೆ. ಫೋನ್ ಉತ್ತರಿಸಿದಾಗ ಇದೇ ದಾರಿಯಲ್ಲಿ ಹಿಮ್ಮುಖ ಸಾಗಾಟ. ಹೋಗುವ ಅಲೆಗೂ ಬರುವ ಅಲೆಗೂ ಸಾಮಾನ್ಯವಾಗಿ ಬೇರೆ ಬೇರೆ ಆವರ್ತನಗಳಿರುವುದರಿಂದ ಪೆಟ್ಟಿಗೆಯೊಳಗಿನ ಫಿಲ್ಟರುಗಳು ಅವನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಬಲ ಕೊಡುತ್ತವೆ. ಇಷ್ಟರಲ್ಲೇ ಒಂದು ಸಂಗತಿ ಸ್ಪಷ್ಟ: ಬೂಸ್ಟರ್ ಸಿಗ್ನಲನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಗುಣಿಸುತ್ತದೆ. ಚಾವಣಿಯ ಮೇಲೂ ಸೊನ್ನೆ ಇದ್ದರೆ ಯಾವ ಸಂಖ್ಯೆಯಿಂದ ಗುಣಿಸಿದರೂ ಸೊನ್ನೆಯೇ.

ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ‘50 ಡೆಸಿಬೆಲ್’ ಎಷ್ಟು ದೊಡ್ಡದು? ಪ್ರತಿ ಹತ್ತು ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟು ಏರುವುದರಿಂದ 50 ಎಂದರೆ ಒಂದು ಲಕ್ಷ ಪಟ್ಟು. ಹಾಗಿದ್ದರೆ ನೆಟ್‌ವರ್ಕ್ ಸಿಗುವ ದೂರವೂ ಹತ್ತಾರು ಪಟ್ಟು ಹೆಚ್ಚಬೇಕಲ್ಲವೇ ಎಂದು ಯಾರಾದರೂ ಕೇಳಿಯಾರು. ಹೆಚ್ಚುವುದಿಲ್ಲ, ಕಾರಣ ಎರಡು. ಒಂದು, ಈ ಲಕ್ಷದಲ್ಲಿ ಬಹುಪಾಲು ಕಾರಿನೊಳಗೇ ಖರ್ಚಾಗುತ್ತದೆ. ಒಳ ಆಂಟೆನಾಕ್ಕೂ ಫೋನಿಗೂ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಆ ಗಾಳಿಯಲ್ಲೇ 25ರಿಂದ 30 ಡೆಸಿಬೆಲ್ ಕಳೆದುಹೋಗುತ್ತದೆ, ಅಂತರ ಇಮ್ಮಡಿಯಾದರೆ ಇನ್ನೂ ಆರು. ಫೋನನ್ನು ಒಳ ಆಂಟೆನಾದ ಹತ್ತಿರವೇ ಇಡಿ, ಹಿಂದಿನ ಸೀಟಿನವರಿಗೆ ಪ್ರಯೋಜನ ಕಡಿಮೆ ಎಂದು ಬಳಕೆಯ ಪುಸ್ತಿಕೆಗಳು ಹೇಳುವುದು ಇದಕ್ಕೇ. ಎರಡನೆಯ ಕಾರಣ ಗದ್ದಲ. ಕ್ಷೀಣ ಸಿಗ್ನಲ್ ಎಂದರೆ ಒಂದು ವ್ಯಾಟ್‌ನ ನೂರು ಲಕ್ಷ ಕೋಟಿ ಪಾಲುಗಳಲ್ಲಿ ಒಂದು ಪಾಲಿನಷ್ಟು ಶಕ್ತಿ. ಅದರ ಜೊತೆಗೆ ಪ್ರಕೃತಿಯ ಮತ್ತು ಸರ್ಕ್ಯೂಟುಗಳ ಸಹಜ ಗದ್ದಲವೂ ಇರುತ್ತದೆ. ಆಂಪ್ಲಿಫೈಯರ್‌ಗೆ ಇವೆರಡರ ನಡುವೆ ಭೇದ ತಿಳಿಯದು. ಎರಡನ್ನೂ ಸಮನಾಗಿ ಹಿಗ್ಗಿಸಿ, ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ. ಫೋನಿಗೆ ಮಾತು ಅರ್ಥವಾಗುವುದು ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದರಿಂದ. ಆ ಅನುಪಾತವನ್ನು ಬರಿಯ ಗುಣಾಕಾರದಿಂದ ಸುಧಾರಿಸಲಾಗದು.

ಹಾಗಾದರೆ ಬರುವ ಸಿಗ್ನಲಿಗೆ ಇದರಿಂದ ನಿಜವಾಗಿ ಸಿಗುವುದೇನು? ಉತ್ತರ ಚಾವಣಿಯ ಮೇಲಿದೆ. ಕಾರು ಒಂದು ತಗಡಿನ ಪೆಟ್ಟಿಗೆ. ಅಲೆಗಳು ಕಿಟಕಿಗಳಿಂದಲೇ ಒಳಬರಬೇಕು. ಅದರ ಮೇಲೆ ಬಿಸಿಲು ತಡೆಯುವ ಲೋಹಲೇಪದ ಗಾಜಿದ್ದರೆ ನಷ್ಟ ಇನ್ನೂ ಹೆಚ್ಚು. ಹೀಗೆ ಒಳಗೆ ಬರುವಷ್ಟರಲ್ಲಿ ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಸೋರಿಹೋಗುವುದು ಅಸಾಮಾನ್ಯವೇನಲ್ಲ. ಹೊರ ಆಂಟೆನಾ ಈ ನಷ್ಟವನ್ನು ತಪ್ಪಿಸುತ್ತದೆ, ಗದ್ದಲಕ್ಕಿಂತ ಮೇಲಿರುವ ಸಿಗ್ನಲನ್ನು ಅದು ಹಾಳಾಗುವ ಮೊದಲೇ ಹಿಡಿಯುತ್ತದೆ. ಅಲ್ಲಿಗೆ ಬರುವ ದಾರಿಯಲ್ಲಿನ ಲಾಭ ಹೆಚ್ಚೆಂದರೆ ಹತ್ತು ಪಟ್ಟಿನ ಆಸುಪಾಸು. ಕಾರು ನಿಲ್ಲಿಸಿ, ಹೊರಗೆ ಬಂದು, ಫೋನನ್ನು ತಲೆಗಿಂತ ಮೇಲೆ ಹಿಡಿದರೂ ಇದರಲ್ಲಿ ಬಹುಪಾಲು ಬಿಟ್ಟಿಯಾಗಿಯೇ ಸಿಗುತ್ತದೆ.

ಮರಳಿ ಹೋಗುವ ದಾರಿಯ ಲೆಕ್ಕವೇ ಬೇರೆ. ಟವರ್ ಹತ್ತಾರು ವ್ಯಾಟ್‌ಗಳಲ್ಲಿ ಮಾತಾಡುತ್ತದೆ. 4ಜಿ ಫೋನಿನ ಗರಿಷ್ಠ ದನಿ ವ್ಯಾಟ್‌ನ ಐದನೇ ಒಂದು ಭಾಗ, 200 ಮಿಲಿವ್ಯಾಟ್ ಮಾತ್ರ. ಬ್ಯಾಟರಿಗೂ ಬಳಸುವವರ ದೇಹಕ್ಕೂ ಅದಕ್ಕಿಂತ ಹೆಚ್ಚು ಒಳ್ಳೆಯದಲ್ಲ. ಟವರಿನ ಎತ್ತರ, ದೊಡ್ಡ ಆಂಟೆನಾ, ಸೂಕ್ಷ್ಮ ಗ್ರಾಹಕ ಯಂತ್ರ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ, ಪೂರ್ತಿ ಅಲ್ಲ. ಹೀಗಾಗಿ ಗಡಿಯಂಚಿನಲ್ಲಿ ಸಾಮಾನ್ಯವಾಗಿ ಮೊದಲು ಕಡಿಯುವುದು ಫೋನಿನಿಂದ ಟವರಿಗೆ ಹೋಗುವ ಎಳೆ. ಕಡ್ಡಿ ಕಾಣುತ್ತಿದ್ದರೂ ಕರೆ ಹೋಗುವುದಿಲ್ಲ, ಹೋದರೂ ನಮ್ಮ ಮಾತು ಆ ಕಡೆ ಕೇಳಿಸುವುದಿಲ್ಲ. ಈಗ ಲೆಕ್ಕ ಹಾಕಿ. ಕಾರಿನೊಳಗಿನ ಫೋನಿನ 200 ಮಿಲಿವ್ಯಾಟ್‌ನಲ್ಲಿ ಹತ್ತನೇ ಒಂದು ಭಾಗ ಹೊರಬಿದ್ದರೆ 20 ಮಿಲಿವ್ಯಾಟ್ ಆಯಿತು. ಬೂಸ್ಟರ್ ಚಾವಣಿಯಿಂದ ಹೊರಡಿಸಬಹುದಾದ ಗರಿಷ್ಠ ಶಕ್ತಿ ಅಮೆರಿಕದ ನಿಯಮದಂತೆ ಒಂದು ವ್ಯಾಟ್. ಆ ಮಿತಿಯನ್ನು ಮುಟ್ಟಿದರೆ ಐವತ್ತು ಪಟ್ಟು! ಬರುವ ದಾರಿಯಲ್ಲಿ ಹತ್ತು ಪಟ್ಟಾದರೆ ಹೋಗುವ ದಾರಿಯಲ್ಲಿ ಐವತ್ತು. ಫೋನಿನ ಪರದೆಯ ಕಡ್ಡಿಗಳು ತೋರಿಸುವುದು ಬರುವ ಸಿಗ್ನಲನ್ನು ಮಾತ್ರ, ಈ ಐವತ್ತರ ಸುಳಿವೂ ಅಲ್ಲಿ ಸಿಗುವುದಿಲ್ಲ. ಕಡ್ಡಿ ನೋಡಿ ಬೂಸ್ಟರನ್ನು ಹೊಗಳುವವರೂ ತೆಗಳುವವರೂ ಇಬ್ಬರೂ ತಪ್ಪು ಕಡೆ ನೋಡುತ್ತಿದ್ದಾರೆ.

ಕಡ್ಡಿ ದಾರಿ ತಪ್ಪಿಸುವ ಇನ್ನೊಂದು ಪ್ರಸಂಗವೂ ಉಂಟು. ಬೂಸ್ಟರ್ ಹಾಕಿದ ಮೇಲೆ ಕಡ್ಡಿ ಎರಡರಿಂದ ನಾಲ್ಕಕ್ಕೆ ಏರಿತು, ಇಂಟರ್‌ನೆಟ್ ಮಾತ್ರ ನಿಧಾನವಾಯಿತು ಎಂಬ ದೂರು ಸುಳ್ಳಲ್ಲ. ಇಂದಿನ ಫೋನುಗಳಲ್ಲಿ ಎರಡೋ ನಾಲ್ಕೋ ಆಂಟೆನಾಗಳಿದ್ದು, ಬೇರೆ ಬೇರೆ ದಾರಿಯಲ್ಲಿ ಬಂದ ದತ್ತಾಂಶದ ಧಾರೆಗಳನ್ನು ಅವು ಏಕಕಾಲಕ್ಕೆ ಹಿಡಿಯುತ್ತವೆ. ಸಾಮಾನ್ಯ ಕಾರ್ ಬೂಸ್ಟರಿಗೆ ಹೊರಗೆ ಇರುವುದು ಒಂದೇ ಆಂಟೆನಾ. ಅದರ ಮೂಲಕ ಹಾದಾಗ ಹಲವು ಧಾರೆಗಳು ಒಂದಾಗಿಬಿಡುತ್ತವೆ. ಸಿಗ್ನಲ್ ತಕ್ಕಮಟ್ಟಿಗೆ ಇರುವ ಕಡೆ ಬೂಸ್ಟರನ್ನು ಆಫ್ ಮಾಡುವುದೇ ಲೇಸು; ಕರೆ ಕಡಿಯುವ ಅಂಚಿನಲ್ಲಿ ಮಾತ್ರ ಅದು ಬೆಲೆಬಾಳುತ್ತದೆ.

ದನಿ ಎತ್ತರಿಸುವುದೇ ಇದರ ಸಾಮರ್ಥ್ಯವಾದರೆ, ಅದೇ ಇದರ ಅಪಾಯ ಕೂಡ. ಮೈಕನ್ನು ಸ್ಪೀಕರಿನ ಮುಂದೆ ಹಿಡಿದಾಗ ಸಭೆಯೇ ಕಿವಿ ಮುಚ್ಚಿಕೊಳ್ಳುವಂತೆ ಕಿರುಚಾಟ ಏಳುತ್ತದಲ್ಲ, ಬೂಸ್ಟರಿನಲ್ಲೂ ನಡೆಯುವುದು ಅದೇ. ಒಳ ಆಂಟೆನಾ ಬಿಟ್ಟ ಅಲೆ ಹೊರ ಆಂಟೆನಾಕ್ಕೆ ಸೋರಿ, ಮತ್ತೆ ಹಿಗ್ಗಿ, ಮತ್ತೆ ಸೋರಿ ಸುತ್ತತೊಡಗಿದರೆ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಅರಚುತ್ತದೆ. ಮನೆಯಲ್ಲಿ ಎರಡು ಆಂಟೆನಾಗಳ ನಡುವೆ ಮಹಡಿಯಷ್ಟು ದೂರ ಸಿಗುತ್ತದೆ. ಕಾರಿನಲ್ಲಿ ಸಿಗುವುದು ಕೆಲವು ಅಡಿ ಮತ್ತು ಚಾವಣಿಯ ತಗಡಿನ ಮರೆ. ಅದಕ್ಕೇ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 2013ರಲ್ಲಿ ರೂಪಿಸಿದ ನಿಯಮಗಳು ಒಳ ಆಂಟೆನಾ ಇರುವ ವಾಹನದ ಬೂಸ್ಟರುಗಳಿಗೆ 50 ಡೆಸಿಬೆಲ್ ಮಿತಿ ಹಾಕಿವೆ. ಫೋನನ್ನು ನೇರವಾಗಿ ಕೂರಿಸುವ ತೊಟ್ಟಿಲಿನ ಮಾದರಿಗೆ ಮಿತಿ 23 ಮಾತ್ರ, ಏಕೆಂದರೆ ಅಲ್ಲಿ ಗಾಳಿಯಲ್ಲಿ ಕಳೆಯುವ ನಷ್ಟ ಕಡಿಮೆ. ಅರಚಾಟ ಶುರುವಾದ ಕೂಡಲೇ ಪೆಟ್ಟಿಗೆ ತಾನಾಗಿ ಸುಮ್ಮನಾಗಬೇಕು, ಟವರ್ ಹತ್ತಿರ ಬಂದಂತೆ ಬಲ ತಗ್ಗಿಸಬೇಕು, ಬಳಸುವವರು ತಮ್ಮ ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಬೇಕು ಎಂಬ ಷರತ್ತುಗಳೂ ಇವೆ. ತುರ್ತುಕರೆ ಮಾಡಿದಾಗ ನೀವಿರುವ ಜಾಗದ ಮಾಹಿತಿ ತಪ್ಪಾಗಿ ಹೋಗಬಹುದೆಂಬ ಎಚ್ಚರಿಕೆಯ ಚೀಟಿಯನ್ನೂ ಅಂಟಿಸಬೇಕು. ಆದ್ದರಿಂದ ಅಪಘಾತದ ಹೊತ್ತಿನಲ್ಲಿ ಎಲ್ಲಿದ್ದೇವೆಂದು ಬಾಯಲ್ಲೇ ಹೇಳುವುದು ಕ್ಷೇಮ.

ಭಾರತದಲ್ಲಿ ಇದೇ ಪೆಟ್ಟಿಗೆ ಕಾನೂನಿನ ಆಚೆಗಿದೆ. ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳ ಹೊರತು ಬೇರಾರೂ ಬೂಸ್ಟರನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರ ಎಂದು ಸರ್ಕಾರ 2022ರ ಜುಲೈನಲ್ಲಿ ಮತ್ತೊಮ್ಮೆ ಸಾರಿ ಹೇಳಿತು. ಆಗುಂಬೆಯ ತಿರುವಿನಲ್ಲೋ ಚಾರ್ಮಾಡಿಯ ಕಾಡಿನಲ್ಲೋ ನೆಟ್‌ವರ್ಕ್ ಸಿಗದೆ ಪರದಾಡುವವರಿಗೆ ಇದು ಅನ್ಯಾಯವೆನಿಸಬಹುದು. ನೆವಾಡಾದವರಿಗೆ ಸಲ್ಲುವುದು ಮಲೆನಾಡಿಗೆ ಏಕೆ ಸಲ್ಲದು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಗಾಡಿಯೊಳಗೆ ಕೂತವರಿಗಿಂತ ಟವರಿನ ಆಚೀಚೆ ಇರುವವರಿಗೆ ಸಂಬಂಧಿಸಿದ್ದು. ಕೆಟ್ಟ ಬೂಸ್ಟರ್ ಒಂದು ಟವರಿನ ಕಿವಿಗೆ ಸತತ ಗದ್ದಲ ತುಂಬಿದರೆ, ದೂರದಿಂದ ಸಣ್ಣ ದನಿಯಲ್ಲಿ ಮಾತಾಡುವ ಉಳಿದೆಲ್ಲ ಫೋನುಗಳು ಅದಕ್ಕೆ ಕೇಳಿಸದೆ ಹೋಗುತ್ತವೆ. ನೆವಾಡಾದ ಕಣಿವೆಯಲ್ಲಿ ಅದರ ಪೆಟ್ಟು ತಟ್ಟುವುದು ಬೆರಳೆಣಿಕೆಯ ಮಂದಿಗೆ. ನಮ್ಮ ಪೇಟೆಗಳಲ್ಲಿ ಒಂದೊಂದು ಟವರನ್ನು ನೆಚ್ಚಿಕೊಂಡ ಜನ ಎಷ್ಟೋ ಹೆಚ್ಚು, ಮತ್ತು ಇಂದು ಕಾಡಿನಲ್ಲಿದ್ದ ಕಾರು ನಾಳೆ ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ. ಅಗ್ಗದ, ಪರೀಕ್ಷೆಗೊಳಪಡದ ಪೆಟ್ಟಿಗೆಗಳ ಮಾರುಕಟ್ಟೆಯನ್ನು ಗಮನಿಸಿದರೆ ನಿಷೇಧ ಅರ್ಥವಿಲ್ಲದ್ದೇನಲ್ಲ. ಆದರೂ ತಾನಾಗಿ ಸುಮ್ಮನಾಗುವ ಬೂಸ್ಟರ್ ಸಾಧ್ಯವೆಂದು ಅಮೆರಿಕದ ಅನುಭವ ತೋರಿಸಿರುವಾಗ, ಘಟ್ಟದ ಆಂಬುಲೆನ್ಸುಗಳಿಗೂ ಅರಣ್ಯ ಇಲಾಖೆಯ ಜೀಪುಗಳಿಗೂ ಮೊಬೈಲ್ ಕಂಪನಿಗಳೇ ಪರೀಕ್ಷಿತ ಬೂಸ್ಟರ್ ಅಳವಡಿಸಿಕೊಡುವ ದಾರಿಯನ್ನು ಯೋಚಿಸಬಹುದು.

ಉಪಗ್ರಹ ಬಂದ ಮೇಲೆ ಇದೆಲ್ಲ ಏಕೆ ಎಂಬ ಮಾತೂ ಇದೆ. 2022ರ ನವೆಂಬರಿನಿಂದ ಅಮೆರಿಕ, ಕೆನಡಾಗಳಲ್ಲಿ ಐಫೋನ್ 14 ಟವರೇ ಇಲ್ಲದ ಕಡೆಯಿಂದ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಲ್ಲುದಾಗಿದೆ. ಸೊನ್ನೆಯನ್ನು ಗುಣಿಸಲಾಗದ ಬೂಸ್ಟರಿನ ಕೊರತೆಯನ್ನು ತುಂಬುವುದು ಇಂಥ ಸೌಲಭ್ಯವೇ, ಸಂಶಯವಿಲ್ಲ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ದಟ್ಟ ಮರಗಳ ಕೆಳಗೆ, ಕಡಿದಾದ ಕಣಿವೆಯಲ್ಲಿ, ಕಾರಿನ ಚಾವಣಿಯಡಿ ಅದು ತಡವರಿಸುತ್ತದೆ. ಟವರ್ ಪೂರ್ತಿ ಇಲ್ಲದ ಕಡೆ ಉಪಗ್ರಹ, ಅರೆಬರೆ ಇರುವ ಕಡೆ ಬೂಸ್ಟರ್ ಎಂಬ ಹಂಚಿಕೆ ಇನ್ನೂ ಕೆಲಕಾಲ ನಡೆಯುತ್ತದೆ. ನಮ್ಮ ಹಳ್ಳಿಗಳ ಮಟ್ಟಿಗಂತೂ ಇವೆರಡೂ ಟವರಿಗೆ ಬದಲಿಯಲ್ಲ. 4ಜಿ ಇಲ್ಲದ 24,680 ಹಳ್ಳಿಗಳಿಗೆ ನೆಟ್‌ವರ್ಕ್ ಮುಟ್ಟಿಸಲು ಕೇಂದ್ರ ಸರ್ಕಾರ 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಇದೇ ತರ್ಕದಿಂದ. ಅಲ್ಲಿಯವರೆಗೆ ಘಟ್ಟ ಹತ್ತುವವರು ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಲಿ. ಕರೆ ಮಾಡಲೇಬೇಕಾದರೆ ಎತ್ತರದ ಜಾಗದಲ್ಲಿ ಗಾಡಿ ನಿಲ್ಲಿಸಿ ಇಳಿಯಲಿ, ಕರೆ ನಿಲ್ಲದಿದ್ದರೆ ಎಸ್‌ಎಂಎಸ್ ಕಳಿಸಲಿ. ಅಷ್ಟು ಚಿಕ್ಕ ಸಂದೇಶಕ್ಕೆ ಒಂದು ಗಳಿಗೆಯ ಸಂಪರ್ಕ ಸಾಕು. ಚಾವಣಿಯ ಆಂಟೆನಾ ಬರುವ ಸಿಗ್ನಲಿಗೆ ಕೊಡುವ ಲಾಭದ ಹೆಚ್ಚಿನ ಪಾಲು ಹೀಗೆ ಇಳಿದು ನಿಂತವರಿಗೆ ಖರ್ಚಿಲ್ಲದೆ, ಕಾನೂನಿನ ಒಳಗೇ ದಕ್ಕುತ್ತದೆ.