ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕು ಸೋರುತ್ತಿದೆಯೇ?



ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ನಿಮಗೆ ಹೊಸದಲ್ಲ. ಅದೇ ಹನಿ ಟ್ರ್ಯಾಕ್ಟರಿನ ಟ್ಯಾಂಕಿನಿಂದ ಬಿದ್ದರೆ ಹಳ್ಳ ಹರಿಯುವುದು ನಿಮ್ಮ ಕಿಸೆಯಿಂದ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿಗಳಾದವು. 50 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ತಿಂಗಳಿಗೆ 50 ಲೀಟರ್ ಮೀರಿ ಡೀಸೆಲ್ ಮಣ್ಣುಪಾಲು. ಇಂದಿನ ದರಕ್ಕೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ.

ಗಂಗಾವತಿ ಕಡೆ ಕಾಲುವೆಗೆ ನೀರು ಬಿಟ್ಟಾಗ ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರಿಗೆ ಬಿಡುವಿರುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ಮಳೆಯಾಶ್ರಿತ ಹೊಲಗಳಲ್ಲಿ ಹದ ತಪ್ಪಿದರೆ ಬಿತ್ತನೆಯೇ ತಪ್ಪಿತು. ಅಂಥ ದಿನ ಬರುವ ಮೊದಲೇ ಸೋರಿಕೆ ಹುಡುಕಿ ಸರಿಪಡಿಸಿಕೊಳ್ಳುವುದು ಜಾಣತನ.

ಸೋರುವ ಜಾಗ ಯಾವುದು?

ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಮೇಲೆ ಜಿನುಗಿದ ಡೀಸೆಲ್ ಕೊಳವೆಗುಂಟ ಇಳಿದು ಬೇರೆಲ್ಲೋ ಹನಿಯುತ್ತದೆ. ಆದ್ದರಿಂದ ಎಂಜಿನ್ ಆರಿದ ಮೇಲೆ ಟ್ಯಾಂಕು, ಕೊಳವೆ, ಫಿಲ್ಟರುಗಳ ಮೇಲಿನ ಧೂಳು, ಜಿಡ್ಡನ್ನು ಅರಿವೆಯಿಂದ ಪೂರ್ತಿ ಒರೆಸಿ. ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿ, ಕೆಳಗೆ ರಟ್ಟು ಹಾಸಿ ಅರ್ಧ ತಾಸು ಬಿಡಿ. ಪುಡಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೇ ಮೊದಲು ಪರೀಕ್ಷಿಸಿ.

ನಿಂತಾಗಲೂ ಸೋರುತ್ತಿದ್ದರೆ ಟ್ಯಾಂಕಿನ ಕೆಳಗಿನ ಕಾಕ್ ಮುಚ್ಚಿ ನೋಡಿ. ಹನಿ ನಿಂತರೆ ದೋಷ ಕಾಕ್‌ನಿಂದ ಮುಂದಿದೆ. ನಿಲ್ಲದಿದ್ದರೆ ಟ್ಯಾಂಕಿನಲ್ಲಿ, ಇಲ್ಲವೇ ಕಾಕ್‌ನ ಬುಡದಲ್ಲಿದೆ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಪಂಪಿನ ಮುಂದಿನ ಕೊಳವೆ ಅಥವಾ ಟ್ಯಾಂಕಿಗೆ ಡೀಸೆಲ್ ಮರಳಿಸುವ ಕೊಳವೆಯನ್ನು ನೋಡಬೇಕು. ಸಂಜೆ ಸೋರುತ್ತಿದ್ದುದು ಬೆಳಿಗ್ಗೆ ತಾನಾಗಿ ನಿಂತಿದ್ದರೆ ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ಡೀಸೆಲ್ ಮಟ್ಟ ಗುರುತಿಸಿ. ಸಾಮಾನ್ಯವಾಗಿ ಆ ಮಟ್ಟದಲ್ಲೇ ತೂತಿರುತ್ತದೆ.

ಬೇಸಿಗೆಯಲ್ಲಿ ಕಂಠಮಟ್ಟ ತುಂಬಿಸಿದ ಟ್ಯಾಂಕಿನ ಮುಚ್ಚಳದಿಂದ ಡೀಸೆಲ್ ಉಕ್ಕುವುದು ಸೋರಿಕೆಯಲ್ಲ. 50 ಲೀಟರ್ ಡೀಸೆಲ್ 20 ಡಿಗ್ರಿ ಕಾದರೆ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಅದಕ್ಕೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿ.

ಸಣ್ಣ ದೋಷಕ್ಕೆ ಸಣ್ಣ ಮದ್ದು

ಎಷ್ಟೋ ಸಲ ಟ್ಯಾಂಕು ತೂತಾಗಿರುವುದೇ ಇಲ್ಲ. ತಾಮ್ರದ ವಾಶರ್ ಚಪ್ಪಟೆಯಾಗಿರುತ್ತದೆ, ರಬ್ಬರ್ ಕೊಳವೆ ಬಿರಿದಿರುತ್ತದೆ, ಕ್ಲಿಪ್ಪು ಸಡಿಲಾಗಿರುತ್ತದೆ. ಪಾನಾ ಹಾಕಿ ಜೋರಾಗಿ ತಿರುವಿದರೆ ಮರೆ ಹಾಳಾಗುತ್ತದೆ. ಹೊಸ ವಾಶರ್ ಹಾಕಿ ಹದವಾಗಿ ಬಿಗಿಯಿರಿ. ಬಿರಿದ ಕೊಳವೆಗೆ ಟೇಪು ಸುತ್ತದೆ ಬದಲಾಯಿಸಿ.

ಹೊಲದಲ್ಲಿರುವಾಗ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಬಟ್ಟೆ ಒಗೆಯುವ ಸೋಪನ್ನು ಒತ್ತಿ ತಿಕ್ಕಿ. ಮನೆ ಮುಟ್ಟುವವರೆಗೆ ತಡೆದೀತು. ಇನ್ನೂ ಕೆಲವು ದಿನ ನಡೆಯಬೇಕಾದರೆ ಡೀಸೆಲ್ಲನ್ನು ತೂತಿನ ಕೆಳಗಿನ ಮಟ್ಟಕ್ಕೆ ಇಳಿಸಿ, ಸುತ್ತಲಿನ ಬಣ್ಣ, ತುಕ್ಕನ್ನು ಮರಳು ಕಾಗದದಿಂದ ಕೈಯಲ್ಲೇ ಉಜ್ಜಿ, ಜಿಡ್ಡಿಲ್ಲದಂತೆ ಒರೆಸಿ, ಎರಡು ಬಗೆಯ ಮುದ್ದೆ ಕಲಸಿ ಹಚ್ಚುವ ಎಂ-ಸೀಲ್‌ನಂಥ ಲೇಪ ಹಾಕಿ. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆಯೇ ಡೀಸೆಲ್ ತುಂಬಿಸಿ. ಇದು ತಾತ್ಪೂರ್ತಿಕ ಉಪಾಯ ಮಾತ್ರ.

ಬರಿದಾದ ಟ್ಯಾಂಕೇ ಅಪಾಯಕಾರಿ

ಈಗ ಹೇಳುವ ಮಾತನ್ನು ವಾಚನಾಲಯದಲ್ಲಿ ನಾಲ್ವರಿಗೆ ಓದಿ ಹೇಳಿ. ಡೀಸೆಲ್ ಬಸಿದ ಟ್ಯಾಂಕಿಗೆ ಹಾಗೆಯೇ ವೆಲ್ಡಿಂಗ್ ಮಾಡಿಸಬೇಡಿ. ಉರಿಯುವುದು ಡೀಸೆಲ್ಲಿನ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ. ಬರಿದಾದ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಬೆರೆತು ಕಿಡಿಗಾಗಿ ಕಾದಿರುತ್ತವೆ. ಡೀಸೆಲ್‌ಗೆ ಸುಲಭದಲ್ಲಿ ಬೆಂಕಿ ಹತ್ತುವುದಿಲ್ಲ ಎಂದು ನಂಬಬೇಡಿ. ಬೆಂಕಿ ಹಿಡಿಯುವಷ್ಟು ಆವಿ 35 ಡಿಗ್ರಿಗಿಂತ ಕೆಳಗೆ ಏಳಕೂಡದು ಎಂಬುದಷ್ಟೇ ನಮ್ಮ ದೇಶದ ಡೀಸೆಲ್ ಮಾನದಂಡ. ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಬೆಸುಗೆಯ ಉರಿಯ ಮಾತೇ ಬೇಡ. ಕಾರು, ಮೋಟಾರ್ ಸೈಕಲ್‌ಗಳ ಪೆಟ್ರೋಲ್ ಟ್ಯಾಂಕು ಇದಕ್ಕಿಂತ ಎಷ್ಟೋ ಪಾಲು ಅಪಾಯಕಾರಿ.

ಟ್ಯಾಂಕನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ, ಬಯಲಿನಲ್ಲಿ ಡೀಸೆಲ್ ಪೂರ್ತಿ ಬಸಿದು, ಬಿಸಿನೀರು ಮತ್ತು ಸೋಪಿನ ಪುಡಿಯಿಂದ ಹಲವು ಸಲ ಕುಲುಕಿ ತೊಳೆಯಬೇಕು. ತೊಳೆದರಷ್ಟೇ ಸಾಲದು. ತುಕ್ಕಿನ ಸಂದಿನಲ್ಲಿ ಉಳಿದ ಡೀಸೆಲ್ ಕಾದಾಗ ಮತ್ತೆ ಆವಿಯಾಗುತ್ತದೆ. ಅದಕ್ಕೇ ತೂತನ್ನು ಮೇಲೆ ಮಾಡಿ, ಅದರ ಸಮೀಪದವರೆಗೂ ನೀರು ತುಂಬಿಸಿ, ಮುಚ್ಚಳ ತೆರೆದಿಟ್ಟು ಬೆಸುಗೆ ಹಾಕಬೇಕು. ಟ್ಯಾಂಕಿನ ಕೆಲಸದಲ್ಲಿ ಪಳಗಿದವರಿಗೇ ಇದನ್ನು ಒಪ್ಪಿಸಿ. ಪ್ಲಾಸ್ಟಿಕ್ ಟ್ಯಾಂಕು ಒಡೆದಿದ್ದರೆ, ತಗಡು ಹಲವು ಕಡೆ ತಿಂದುಹೋಗಿದ್ದರೆ ಹೊಸದನ್ನು ಹಾಕಿಸುವುದೇ ಲೇಸು.

ಬೆಸುಗೆ ಆರಿದ ಮೇಲೆ ತೂಬುಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ ಒಂದೆರಡು ಸಲ ಮೆಲ್ಲಗೆ ಗಾಳಿ ಹಾಕಿ, ಸೋಪಿನ ನೀರು ಸವರಿ. ಗುಳ್ಳೆ ಏಳದಿದ್ದರೆ ಕೆಲಸ ಸರಿಯಾಗಿದೆ. ಕಂಪ್ರೆಸರ್ ಗಾಳಿ ಬೇಡ, ಟ್ಯಾಂಕು ಸೀಳೀತು. ಒಳಗಿನ ತೇವ ಪೂರ್ತಿ ಒಣಗಿಸಿ ಕೂಡಿಸಿ.

ಮುಂದೆ ಸೋರದಂತೆ

ಟ್ಯಾಂಕಿನ ಶತ್ರುಗಳು ಎರಡು: ನೀರು ಮತ್ತು ಅದುರು. ಅರ್ಧ ಖಾಲಿಯಿದ್ದ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ನೀರಾಗಿ ತಳ ಸೇರಿ ತುಕ್ಕು ಹಿಡಿಸುತ್ತದೆ. ಸಂಜೆ ಕೆಲಸ ಮುಗಿದೊಡನೆ ಡೀಸೆಲ್ ತುಂಬಿಸಿಡಿ. ತಳದ ನೀರನ್ನು ಆಗಾಗ ಬಸಿಯಿರಿ. ಬದು ಹಾರಿಸುವಾಗ, ಕಲ್ಲು ನೆಲದಲ್ಲಿ ಓಡಿಸುವಾಗ ಟ್ಯಾಂಕು ಅದುರಿ ಪಟ್ಟಿಯ ಕೆಳಗೆ ಸವೆಯುತ್ತದೆ. ಪಟ್ಟಿ ಬಿಗಿಯಾಗಿರಲಿ, ಅದರಡಿಯ ರಬ್ಬರ್ ಸವೆದರೆ ಬದಲಿಸಿ. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಷ್ಟು ನೀರು ನದಿಪಾಲಾಯಿತೆಂದು ಕಂಡವರು ನಾವು. ಸವೆದ ಭಾಗವನ್ನು ಸಕಾಲಕ್ಕೆ ಬದಲಿಸುವ ಬೆಲೆ ನಮಗೆ ಗೊತ್ತಿದೆ.

ಸೋರುವ ಟ್ರ್ಯಾಕ್ಟರನ್ನು ಹುಲ್ಲಿನ ಬಣವೆಯ ಹತ್ತಿರ ನಿಲ್ಲಿಸಬೇಡಿ, ಅದರ ಬಳಿ ಬೀಡಿ ಸೇದಬೇಡಿ, ಬಸಿದ ಡೀಸೆಲ್ಲನ್ನು ಕಾಲುವೆಗೆ, ಬಾವಿಯ ಬಳಿ ಚೆಲ್ಲಬೇಡಿ. ಒಂದು ಡಬ್ಬಿ ಮರಳು ಹತ್ತಿರವಿರಲಿ. ಡೀಸೆಲ್ ಬೆಂಕಿಗೆ ನೀರು ಹೊಯ್ದರೆ ಅದು ಹರಡುತ್ತದೆ.