ಒಂದು ಹನಿ ಕೋಳಿ ರಕ್ತದೊಳಗೆ ಏನೆಲ್ಲ ಇದೆ!

ಮದ್ದೂರು, ಮಖ್ತಲ್, ಗದ್ವಾಲ ಕಡೆ ಜವಾರಿ ಕೋಳಿ ಸಾಕಿದವರಿಗೆ ಕೊಕ್ಕರೆ ರೋಗ ಎಂದರೆ ಎದೆ ಧಸಕ್ಕೆನ್ನುತ್ತದೆ. ಹಸಿರು ಹಿಕ್ಕೆ, ತಿರುಚಿದ ಕತ್ತು, ನಾಲ್ಕಾರು ದಿನಗಳಲ್ಲಿ ಹಿತ್ತಲೇ ಖಾಲಿ. 1927ರಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಪತ್ತೆಯಾಗಿ ಆ ಊರಿನ ಹೆಸರನ್ನೇ ಹೊತ್ತ ವೈರಸ್ ಇದು. ಕಣ್ಣಿಗೆ ಕಾಣದ ಈ ವೈರಸ್ ಕೋಳಿಯ ಮೈಹೊಕ್ಕು ಹೋದದ್ದನ್ನು ಆ ಕೋಳಿಯ ರಕ್ತವೇ ಹೇಳಿಬಿಡುತ್ತದೆ ಎಂದರೆ ನಂಬುತ್ತೀರಾ?

1941ರಲ್ಲಿ ನ್ಯೂಯಾರ್ಕಿನ ಜಾರ್ಜ್ ಹರ್ಸ್ಟ್ ಮನುಷ್ಯರ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಿದ್ದರು. ಮೊಟ್ಟೆಯೊಳಗಿನ ದ್ರವ ತೆಗೆಯುವಾಗ ಭ್ರೂಣದ ರಕ್ತನಾಳ ಹರಿದು ರಕ್ತ ಬೆರೆಯಿತು. ನೋಡುತ್ತಾರೆ, ಕೆಂಪು ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ! ಅಂಟಿಸಿದ್ದು ವೈರಸ್. ಅದೇ ವರ್ಷ ಕೆನಡಾದ ಇಬ್ಬರು ಸ್ವತಂತ್ರವಾಗಿ ಇದನ್ನೇ ಕಂಡರು. ರಾಣಿಖೇತ್ ವೈರಸ್ಸಿಗೂ ಇದೇ ಗುಣವಿದೆ ಎಂಬುದು ಬೇಗನೆ ತಿಳಿಯಿತು. ಕೋಳಿಯ ರಕ್ತಪರೀಕ್ಷೆ ಹುಟ್ಟಿದ್ದು ಅಲ್ಲಿಂದ.

ಈಗ ಲ್ಯಾಬಿನೊಳಗೆ ಬನ್ನಿ. ರೆಕ್ಕೆಯ ಅಡಿಯ ಪುಕ್ಕ ಸರಿಸಿದರೆ ನೀಲಿ ನರ ಕಾಣುತ್ತದೆ. ಸಿರಿಂಜಿಗೆ ಒಂದೆರಡು ಎಂಎಲ್ ರಕ್ತ ಸಾಕು. ಓರೆಯಾಗಿ ಇಟ್ಟರೆ ರಕ್ತ ಹೆಪ್ಪುಗಟ್ಟಿ, ತಿಳಿಹಳದಿ ಸೀರಂ ಬೇರ್ಪಡುತ್ತದೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಅದನ್ನು ಎರಡು, ನಾಲ್ಕು, ಎಂಟು, ಹದಿನಾರು ಪಟ್ಟು ಎಂದು ತೆಳುಮಾಡುತ್ತಾ ಹೋಗುತ್ತಾರೆ. ಮೊದಲು ಅಳತೆಮಾಡಿದ ವೈರಸ್, ಆಮೇಲೆ ಆರೋಗ್ಯವಂತ ಕೋಳಿಯ ಕೆಂಪು ಕಣಗಳು. ಅರ್ಧ ಮುಕ್ಕಾಲು ಗಂಟೆ ಕಾಯಬೇಕು, ಅಷ್ಟೇ! ವೈರಸ್ ಮೈಹೊಕ್ಕಾಗ ಅದರ ವಿರುದ್ಧ ಕೋಳಿಯ ದೇಹ ತಯಾರಿಸಿದ ಪ್ರತಿಕಾಯ ಸೀರಂನಲ್ಲಿ ಇದ್ದರೆ ಅದು ವೈರಸ್ಸಿನ ಕೈಕಟ್ಟಿ ಹಾಕುತ್ತದೆ. ಕಣಗಳು ತಳಕ್ಕೆ ಇಳಿದು ಅಚ್ಚುಕಟ್ಟಾದ ಕೆಂಪು ಚುಕ್ಕೆಯಾಗುತ್ತವೆ. ತಟ್ಟೆ ಓರೆಮಾಡಿದರೆ ಆ ಚುಕ್ಕೆ ಕಣ್ಣೀರಿನಂತೆ ಜಾರುತ್ತದೆ. ಪ್ರತಿಕಾಯ ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಹರಡಿ ನಿಲ್ಲುತ್ತವೆ. ಹದಿನಾರು ಪಟ್ಟು ತೆಳುವಾದ ಸೀರಂ ಕೂಡ ವೈರಸ್ಸನ್ನು ತಡೆದರೆ ಸಾಮಾನ್ಯವಾಗಿ ಪಾಸಿಟಿವ್. ಮೈಕ್ರೋಸ್ಕೋಪೂ ಬೇಡ, ಬರಿಗಣ್ಣೇ ಸಾಕು!

ಇನ್ನೂ ಒಂದು ಬೆರಗು. ತಾಯಿಕೋಳಿ ಈ ಪ್ರತಿಕಾಯಗಳನ್ನು ಮೊಟ್ಟೆಯ ಹಳದಿಯಲ್ಲಿ ಮರಿಗಾಗಿ ಇಟ್ಟಿರುತ್ತದೆ. ಹಾಗಾಗಿ ಹಳದಿಯಲ್ಲೂ ಅವನ್ನು ಅಳೆಯಬಹುದು.

ಆದರೆ ಲಸಿಕೆ ಹಾಕಿದ ಕೋಳಿಯ ರಕ್ತದಲ್ಲೂ ಪ್ರತಿಕಾಯ ಇದ್ದೇ ಇರುತ್ತದೆ. ಆದ್ದರಿಂದ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ತೆಗೆದು, ಮಟ್ಟ ಏರಿತೇ ಎಂದು ನೋಡಬೇಕು. ಇನ್ನು, ರಾಣಿಖೇತ್ ಅಲ್ಲದೆ ಹಕ್ಕಿಜ್ವರದ ಶಂಕೆಯೂ ಇದ್ದರೆ ರಕ್ತವೊಂದೇ ಸಾಲದು. ಗಂಟಲಿನ ಮತ್ತು ಗುದದ್ವಾರದ ಸ್ವಾಬ್ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಬೇಕು. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಖಚಿತವಾದದ್ದು ಅಲ್ಲಿಯೇ.

ಕೋಳಿಗಳು ಒಟ್ಟೊಟ್ಟಿಗೆ ಸಾಯತೊಡಗಿದರೆ ಗುಟ್ಟಾಗಿ ಹೂಳಬೇಡಿ, ಉಳಿದವನ್ನು ಸಂತೆಗೆ ಒಯ್ಯಬೇಡಿ, ಬರಿಗೈಲಿ ಮುಟ್ಟಬೇಡಿ. ಅಂದೇ ಪಶುವೈದ್ಯರಿಗೆ ತಿಳಿಸಿ.